ಹಿಂದಿನ ಸೀಟಿನ ಗೊರಗೊರ

ಗಾಡಿ ಇಟ್ಟವನಿಗೆ ಒಂದಲ್ಲ ಒಂದು ಫಜೀತಿ ಇದ್ದದ್ದೇ. ನನ್ನಂಥ ದೊಡ್ಡ ಮನುಷ್ಯನ ಗಾಡಿಗೆ ಫಜೀತಿಗಳೂ ದೊಡ್ಡವೇ ಬರುತ್ತವೆ.

ನಂದು ಏರ್ಕಾಡಿನ ಕಾಫಿ ತೋಟದ ಮುದುಕರೊಬ್ಬರಿಂದ ಕೊಂಡ ಪರದೇಶದ ಹಳೇ ಬೈಕು. ಅದಕ್ಕೆ ಚೈನೇ ಇಲ್ಲ. ಲಾರಿಗಿರುವ ಹಾಗೆ ಎಂಜಿನ್ನಿಂದ ಹಿಂದಿನ ಚಕ್ರಕ್ಕೆ ಒಂದು ಕಬ್ಬಿಣದ ಶಾಫ್ಟು. ಹರೂರಿನ ನನ್ನ ಗೊಬ್ಬರದಂಗಡಿ ಮುಂದೆ ಅದನ್ನು ನಿಲ್ಲಿಸಿದರೆ, ತಿರುವಣ್ಣಾಮಲೈ ಬಸ್ಸಿನ ಡ್ರೈವರು ಬಸ್ಸು ನಿಲ್ಲಿಸಿ ಇಳಿದು ಬಂದು ನೋಡಿ ಹೋಗುತ್ತಾನೆ. ಒಳಗಿರುವ ಜನ ಕಾಯುತ್ತಾರೆ. ನಾನೇನು ಮಾಡಲಿ?

ಇಂಥ ಗಾಡಿ ಒಂದು ದಿನ ಗೊರಗೊರ ಅನ್ನತೊಡಗಿತು. ನಾನೊಬ್ಬನೇ ಹೋದರೆ ಬೆಣ್ಣೆ. ಹಿಂದೆ ಹೆಂಡತಿ ಕೂತಳೋ, ಶುರು. ಬೀದಿಯವರು ನಕ್ಕರು. ಅವಳು ಸೆರಗು ಸರಿಮಾಡಿಕೊಂಡು ಇಳಿದಳು.

"ನಾ ಕೂತ್ರೆ ಅಳೋ ಗಾಡಿ ನಂಗ್ಯಾಕೆ? ಬಸ್ಸು ಅಳಾಕಿಲ್ಲ."

ಅಂದಿನಿಂದ ತಾರಮಂಗಲದ ತನ್ನ ಅಕ್ಕನ ಮನೆಗೂ ಅವಳಿಗೆ ಬಸ್ಸೇ. ಊರೆಲ್ಲ ನಿಂತು ನೋಡುವ ಗಾಡಿ, ಮನೆಯವಳು ಮಾತ್ರ ಹತ್ತುವುದಿಲ್ಲ. ಖಾಲಿ ಸೀಟು ಬೆನ್ನ ಹಿಂದೆ ಇದ್ದರೂ ಕಣ್ಣಿಗೆ ಬೀಳುತ್ತದೆ ಅಂತ ನನಗೆ ಆಗ ಗೊತ್ತಾಯಿತು. ಹೇಗಾದರೂ ಅವಳನ್ನು ಮತ್ತೆ ಅಲ್ಲಿ ಕೂರಿಸಬೇಕಿತ್ತು.

ಪೊಲೀಸ್ ಕೇಸು

ಮೊದಲು ನಮ್ಮೂರಿನ ಬೈಕ್ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಗಾಡಿ ನೋಡದೆಯೇ ತನ್ನ ತಮಿಳು ಬೆರೆತ ಕನ್ನಡದಲ್ಲಿ, "ಚೈನ್ ಲೂಸು ಅಣ್ಣೇ, ಟೈಟ್ ಪಣ್ಣಿಡಲಾಂ, ಬಿಗಿ ಮಾಡಿದ್ರಾಯ್ತು" ಅಂದ. ಸ್ಪ್ಯಾನರ್ ಹಿಡಿದು ಕೂತ. ಈ ಕಡೆ ನೋಡಿದ, ಆ ಕಡೆ ಹೋಗಿ ನೋಡಿದ. ಮೆಲ್ಲಗೆ ಎದ್ದ.

"ಅಣ್ಣೇ, ಚೈನ್ ಎಂಗೆ? ಎಲ್ಲಿ?"

"ಇಲ್ಲಪ್ಪಾ."

"ಎಷ್ಟು ದಿನದಿಂದ ಇಲ್ಲ?"

"ಮೊದಲಿಂದಲೂ ಇಲ್ಲ."

ಅವನು ಸ್ಪ್ಯಾನರ್ ಕೆಳಗಿಟ್ಟು, ಸಾವಿನ ಮನೆಗೆ ಬಂದವನ ಹಾಗೆ ನನ್ನ ಭುಜ ಮುಟ್ಟಿದ. "ಯಾರೋ ಕದ್ದುಬುಟ್ಟವ್ರೆ ಅಣ್ಣೇ. ಮೊದ್ಲು ಸ್ಟೇಷನ್‌ಗೆ ಓಗಿ ಕಂಪ್ಲೇಂಟ್ ಕೊಡಿ, ರಿಪೇರಿ ಆಮೇಲೆ."

ಯೂರಿಯಾ

ಆಮೇಲೆ ನಾನೇ ತಲೆ ಓಡಿಸಿದೆ. ನನ್ನ ತಲೆ ಓಡುವ ವೇಗಕ್ಕೆ ಆ ಬೈಕು ಏನೂ ಅಲ್ಲ. ಹಿಂದೆ ಭಾರ ಬಿದ್ದಾಗ ಮಾತ್ರ ಸದ್ದು, ಹಾಗಾದರೆ ಎಷ್ಟು ಭಾರಕ್ಕೆ? ಹೆಂಡತಿಯನ್ನು ತೂಕ ಕೇಳುವಷ್ಟು ಧೈರ್ಯ ನನಗೂ ಇಲ್ಲ. ಅಂಗಡಿಯ ಯೂರಿಯಾ ಮೂಟೆ ಕಟ್ಟಿ ಒಂದು ಸುತ್ತು ಹೊಡೆದೆ. ಸದ್ದಿಲ್ಲ. ಮೇಲೆ ಇನ್ನೊಂದು ಕಟ್ಟಿದೆ. ಗೊರಗೊರ.

ತಿರುಗಿ ಬರುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು.

"ಏನದು?"

"ಗೊಬ್ಬರ ಕಣೆ."

"ಅದು ಕಾಣ್ತೈತೆ. ನನ್ ಜಾಗದಲ್ಲಿ ಯಾಕ್ ಕೂತೈತೆ?"

ನಾನು ವಿಜ್ಞಾನವನ್ನೆಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಸರಿ. ಇವತ್ತು ಅಡುಗೇನೂ ಮೂಟೆನೇ ಮಾಡ್ಲಿ" ಎಂದು ಒಳಗೆ ಹೋದಳು.

ಸೇಲಂ ಶೆಡ್ಡು

ಕೊನೆಗೆ ಗಾಡಿಯನ್ನು ಸೇಲಂನ ಲಾರಿ ಶೆಡ್ಡಿಗೆ ಒಯ್ದೆ. ಶಾಫ್ಟಿನ ಕಷ್ಟ ಲಾರಿಯವರಿಗಲ್ಲದೆ ಯಾರಿಗೆ ಗೊತ್ತು? ಮೆಕ್ಯಾನಿಕ್ ಮೆಟ್ಟೂರು ಕಡೆಯ ಕನ್ನಡದವನು, ಸ್ಪ್ಯಾನರ್‌ನಷ್ಟೇ ಸಣ್ಣ. ಒಬ್ಬನೇ ಓಡಿಸಿ ಬಂದು, "ಸದ್ದೇ ಇಲ್ವಲ್ಲಣ್ಣಾ" ಅಂದ.

"ನಿಂಗೆ ಕೇಳಾಕಿಲ್ಲ. ನನ್ ಹೆಂಡ್ತಿ ಕೂರ್ಬೇಕು" ಅಂದೆ.

ಅದೇ ಹೊತ್ತಿಗೆ ಅವಳು ಶೆಡ್ಡಿನೊಳಗೆ ಬಂದಳು. ತಾರಮಂಗಲಕ್ಕೆ ಬಸ್ಸು ಬದಲಿಸಲು ಸೇಲಂನಲ್ಲಿ ಇಳಿದವಳು, ನಾನು ಇಲ್ಲೇ ಇರುತ್ತೇನೆಂದು ತಿಳಿದೇ ಬಂದಿದ್ದಳು. ನನ್ನ ಮಾತೂ ಕಿವಿಗೆ ಬಿದ್ದಿತ್ತು.

"ಕೂರ್ತೀನಿ. ತಮ್ಮಾ, ನೀನೇ ಓಡಿಸು."

ಹೋದರು, ಬಂದರು. ಒಂದಿಷ್ಟೂ ಸದ್ದಿಲ್ಲ. ಶೆಡ್ಡಿನವರೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅವಳು ಇಳಿದು, "ಈಗ ಇವರನ್ನ ಹಿಂದೆ ಕೂರಿಸ್ಕೋ" ಅಂದಳು.

ನಾನು ಕೂತೆ. ಗಾಡಿ ಗೇಟು ದಾಟುವ ಮುಂಚೆಯೇ ಕಬ್ಬಿನ ಗಾಣದ ಹಾಗೆ ಅರಚಿತು. ಮೆಕ್ಯಾನಿಕ್ ನಿಲ್ಲಿಸಿ, ನನ್ನ ಮುಖ ನೋಡಲಾರದೆ ಟೈರಿಗೆ ಹೇಳಿದ: "ಅಕ್ಕನ ಭಾರ ತಡೀತೈತೆ ಅಣ್ಣಾ. ನಿಮ್ದೇ..."

ಬಿಚ್ಚಿ ನೋಡಿದರೆ ಶಾಫ್ಟು ಬಾಗಿ ತಿರುಗುವ ಜಾಗದ ಕ್ರಾಸ್ ಬೇರಿಂಗು ಒಣಗಿ ತುಕ್ಕು ಹಿಡಿದಿತ್ತು. ಹಿಂಭಾಗ ತಗ್ಗಿದಾಗಲೆಲ್ಲ ಅದು ಉಜ್ಜಿಕೊಳ್ಳುತ್ತಿತ್ತು. ಹೊಸದು ಹಾಕಿ ಗ್ರೀಸ್ ತುಂಬಿದ. ಅವಳು ಹತ್ತಿ ಕೂತಳು. ತಾರಮಂಗಲದ ದಾರಿಯುದ್ದಕ್ಕೂ ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಅರ್ಧ ದಾರಿಯಲ್ಲಿ ಅವಳೇ ಬಾಯಿಬಿಟ್ಟಳು. "ಭಾರ ನಂದೇ ಅಂದ್ಕಂಡು ಇಷ್ಟು ದಿನ ರಾತ್ರಿ ಮುದ್ದೆ ಬಿಟ್ಟಿದ್ದೆ, ಗೊತ್ತಾ?"

ಗೊತ್ತಿರಲಿಲ್ಲ. ದಿನಾ ಎದುರಿಗೇ ಕೂತು ಉಂಡವನು ನಾನು. ಊರಿನ ಗಾಡಿಗಳ ಸದ್ದೆಲ್ಲ ಹಿಡಿಯುವ ಕಿವಿ ನಂದು, ಎದುರಿನ ತಟ್ಟೆ ಮಾತ್ರ ಕಂಡಿರಲಿಲ್ಲ. ಗಾಡಿ ನಿಧಾನ ಮಾಡಿದೆ.

"ಇವತ್ತಿಂದ ಆ ಮುದ್ದೆ ನಾ ಉಣ್ತೀನಿ" ಅಂದಳು. "ಬಿಡೋದು ನೀವು."

ಈಗ ಗಾಡಿ ಸದ್ದು ಮಾಡುವುದಿಲ್ಲ. ಮಲಗಿದ ಮೇಲೆ ನನ್ನ ಹೊಟ್ಟೆ ಮಾಡುತ್ತದೆ, ಅದೇ ಗೊರಗೊರ. ಅದಕ್ಕೆ ಯಾವ ಶೆಡ್ಡಿನಲ್ಲೂ ಬೇರಿಂಗು ಸಿಗುವುದಿಲ್ಲವಂತೆ.