ಬಾಯಿಗೆ ಬಿದ್ದ ಬೀಗ

ದೌ ಚಾಂಗ್‌ಗುಯ್ ಅವರಿಗೆ ಆ ದಿನ ಒದಗಿದ ಫಜೀತಿಗೆಲ್ಲ ಮೂಲ ಒಂದು ಬೆರಳುದ್ದದ ಅಂಟುಮಿಠಾಯಿ. ಅದೂ ಅವರಿಗೆಂದು ತಂದದ್ದಲ್ಲ, ಒಲೆದೇವರಿಗೆಂದು ತಂದದ್ದು.

ಅಂದು ಚೀನೀ ಪಂಚಾಂಗದ ಹನ್ನೆರಡನೇ ತಿಂಗಳ ಇಪ್ಪತ್ತಮೂರು. ಸಂಜೆಯಾಗುತ್ತಲೇ ಒಲೆದೇವರು ಅಡುಗೆಮನೆಯ ಗೋಡೆಯ ಪಟದಿಂದೆದ್ದು ಸ್ವರ್ಗದ ದೊರೆಯ ಹತ್ತಿರ ಹೋಗಿ, ಈ ಮನೆಯವರು ವರ್ಷವೆಲ್ಲ ಏನೇನು ಮಾಡಿದರು, ಯಾರನ್ನು ಬೈದರು, ಎಷ್ಟು ಅನ್ನ ಚೆಲ್ಲಿದರು ಎಂದು ವರದಿ ಒಪ್ಪಿಸುವ ದಿನ. ಹೊರಡುವ ಮುಂಚೆ ಅವನ ಬಾಯಿಗೆ ಸಿಹಿ ಮೆತ್ತಿ ಕಳಿಸಬೇಕು. ಮೆತ್ತುವವನು ಮನೆಯ ಗಂಡಸೇ ಆಗಬೇಕು. "ಇದು ಶುದ್ಧ ಲಂಚ! ಟಿಕೆಟ್ ಇಲ್ಲದವನು ಚೆಕಿಂಗ್ ಸಾಹೇಬರಿಗೆ ಸಿಗರೇಟು ಕೊಟ್ಟ ಹಾಗೆ," ಎಂದು ದೌ ಪ್ರತಿವರ್ಷವೂ ಹೇಳುತ್ತಿದ್ದರು, ಪ್ರತಿವರ್ಷವೂ ಮೆತ್ತುತ್ತಿದ್ದರು.

ದೌ ಮೂವತ್ತೊಂದು ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ನಿವೃತ್ತಿಯ ದಿನ ಟಿಕೆಟ್ ಚೀಲ ಹಿಂದಿರುಗಿಸಿದರು, ಬಾಯಿ ಹಿಂದಿರುಗಿಸಲಿಲ್ಲ. ಆ ಬಾಯಿಂದಾಗಿ ಮಗಳು ಯಾಚಿನ್‌ಳ ಎರಡು ಸಂಬಂಧ ಮುರಿದಿದ್ದವು. ಮೊದಲನೆಯವರೆದುರು, "ನಮ್ಮ ಹುಡುಗಿಯ ಗೊರಕೆ ಏಳನೇ ನಂಬರ್ ಬಸ್ಸು ದಿಣ್ಣೆ ಹತ್ತಿದ ಹಾಗೆ," ಎಂದು ಹೆಮ್ಮೆಯಿಂದ ಹೇಳಿದ್ದರು. ಎರಡನೆಯ ವರನ ತಾಯಿಯನ್ನು ಕಂಡವರೇ, "ಅರೆ! ಎರಡು ಸಲ ಟಿಕೆಟ್ ಇಲ್ಲದೆ ನನ್ನ ಕೈಗೆ ಸಿಕ್ಕಿದ್ದೋರು ನೀವೇ ಅಲ್ವೇ?" ಎಂದು ಕೈಮುಗಿದಿದ್ದರು.

ಈಗಿನ ಹುಡುಗನನ್ನು ಯಾಚಿನ್ ತಾನೇ ಮೆಚ್ಚಿದ್ದಳು. ಅವನ ತಂದೆ ತಾಯಿ, ಶಾಂಗ್ ದಂಪತಿಗಳು, ಆ ದಿನ ಮಧ್ಯಾಹ್ನ ಮೂರಕ್ಕೆ ಮನೆ ನೋಡಲು ಬರುವವರಿದ್ದರು. ಬೆಳಗ್ಗೆಯೇ ಹೆಂಡತಿ ಫೆಂಗ್‌ಲಾನ್ ಸೌಟು ಹಿಡಿದು ಎಚ್ಚರಿಸಿದ್ದಳು.

"ನೋಡ್ರೀ, ಇವತ್ತು ನೀವೇನಾದ್ರೂ ಬಾಯಿ ಬಿಟ್ರೆ, ಸಂಜೆ ಒಲೆದೇವರ ಜೊತೆಗೇ ನಾನೂ ಮೇಲಕ್ಕೆ ಹೊರಟುಬಿಡ್ತೀನಿ!"

ಮಾತಿನ ರಭಸಕ್ಕೆ ಗಂಡನ ಹಲ್ಲಿನ ಸೆಟ್ಟು ಅತಿಥಿಗಳ ಬಟ್ಟಲಿಗೆ ಬೀಳದಿರಲೆಂದು ಮೇಲಿನದಕ್ಕೂ ಕೆಳಗಿನದಕ್ಕೂ ಹೊಸ ಅಂಟು ಹಚ್ಚಿ, ಒತ್ತಿ ಕೂರಿಸಿ, ಅವಳು ಪೇಟೆಗೆ ಹೋದಳು. ಯಾಚಿನ್ ತಲೆಕೂದಲು ಒಪ್ಪ ಮಾಡಿಸಿಕೊಳ್ಳಲು ಹೋದಳು. ಮನೆಯಲ್ಲಿ ಉಳಿದವರು ದೌ, ಒಳಕೋಣೆಯಲ್ಲಿ ತೂಕಡಿಸುತ್ತಿದ್ದ ಅವರ ಎಂಬತ್ತಾರು ವರ್ಷದ ತಾಯಿ, ಮತ್ತು ಒಲೆಯ ಪಕ್ಕದ ತಟ್ಟೆಯಲ್ಲಿ ಆರು ಅಂಟುಮಿಠಾಯಿ.

ಈ ಮಿಠಾಯಿಯ ಸ್ವಭಾವವೇ ವಿಚಿತ್ರ. ಚಳಿಯಲ್ಲಿಟ್ಟರೆ ಗಾಜಿನಂತೆ ಪಟಕ್ಕನೆ ಮುರಿಯುತ್ತದೆ. ಬಿಸಿ ತಗುಲಿತೋ, ಬಡಗಿಯ ಗೋಂದಿಗೂ ಮೀರಿದ ಅಂಟು. ಕಿಟಕಿಯ ಹೊರಗಿಡಬೇಕಾದದ್ದನ್ನು ಫೆಂಗ್‌ಲಾನ್ ಗಡಿಬಿಡಿಯಲ್ಲಿ ಒಲೆಯ ಪಕ್ಕ ಇಟ್ಟಿದ್ದಳು.

'ಆರರಲ್ಲಿ ಒಂದು ಹೋದರೆ ದೇವರೇನು ಎಣಿಸುತ್ತಾನೆಯೇ?' ಎಂದುಕೊಂಡು ದೌ ಒಂದನ್ನು ಬಾಯಿಗೆ ತುರುಕಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕಚ್ಚಿದರು.

ಕಚ್ಚಿದ್ದಷ್ಟೇ. ಬಿಡಲು ಬರಲಿಲ್ಲ.

ಮೇಲಿನ ಸೆಟ್ಟು ಒಸಡಿಗೆ ಅಂಟಿತ್ತು, ಕೆಳಗಿನದೂ ಒಸಡಿಗೆ ಅಂಟಿತ್ತು, ನಡುವೆ ಮಿಠಾಯಿ ಎರಡನ್ನೂ ಅಪ್ಪಿಕೊಂಡಿತ್ತು. ದೌ ದವಡೆ ಎಳೆದರು, ಗದ್ದ ಹಿಡಿದು ಜಗ್ಗಿದರು, ಚಮಚದ ಹಿಡಿಯಿಂದ ಮೀಟಿದರು. ಚಮಚ ಬಾಗಿತು. ಗೋಡೆಯ ಮೇಲಿನ ಒಲೆದೇವರು ಎಣ್ಣೆಹೊಗೆ ಮೆತ್ತಿದ ಮುಖದಲ್ಲಿ ಇದನ್ನೂ ವರದಿಗೆ ಸೇರಿಸಿಕೊಳ್ಳುತ್ತಿರುವಂತೆ ನೋಡುತ್ತಿದ್ದ.

ಅಷ್ಟರಲ್ಲಿ ಎದುರುಮನೆಯ ಮಿಯಾವ್ ಚಿಕ್ಕಮ್ಮ ಬಂದಳು. ಹೆಸರಿಗೆ ತಕ್ಕಂತೆ ಯಾರ ಅಡುಗೆಮನೆಗಾದರೂ ಸದ್ದಿಲ್ಲದೆ ನುಗ್ಗುವವಳು.

"ದೌ, ಒಂಚೂರು ವಿನೆಗರ್ ಇದ್ರೆ ಕೊಡಪ್ಪಾ. ಬೀಗರು ಎಷ್ಟು ಹೊತ್ತಿಗೆ ಬರ್ತಾರೆ? ಹುಡುಗನಿಗೆ ಸ್ವಂತ ಮನೆ ಉಂಟಾ?"

"ಮ್ಮ್," ಎಂದರು ದೌ.

ಚಿಕ್ಕಮ್ಮ ಕೈಲಿದ್ದ ಬಟ್ಟಲನ್ನು ಒಲೆಕಟ್ಟೆಯ ಮೇಲಿಟ್ಟಳು. ಇಪ್ಪತ್ತು ವರ್ಷದಲ್ಲಿ ಆಕೆ ಕೇಳಿದ ಪ್ರಶ್ನೆಗೆ ದೌ ಅರ್ಧ ಗಂಟೆಗಿಂತ ಚಿಕ್ಕ ಉತ್ತರ ಕೊಟ್ಟದ್ದೇ ಇಲ್ಲ.

"ಯಾಕೋ, ಏನಾಯ್ತೋ? ಮಾತಾಡೋ!"

"ಮ್ಮ್! ಮ್ಮ್ಮ್!" ದೌ ಬಾಯಿ ತೋರಿಸಿದರು, ದೇವರನ್ನು ತೋರಿಸಿದರು, ಕೈ ಆಡಿಸಿದರು. ತುಟಿಯ ಮೂಲೆಯಿಂದ ಜೊಲ್ಲು ಇಳಿಯಿತು.

"ಅಯ್ಯಯ್ಯೋ, ಲಕ್ವಾ!" ಚಿಕ್ಕಮ್ಮ ಮೆಟ್ಟಿಲ ಬಳಿ ಓಡಿ ನಾಲ್ಕು ಮಹಡಿಗೂ ಕೇಳುವಂತೆ ಕೂಗಿದಳು. "ದೌಗೆ ಲಕ್ವಾ ಹೊಡೀತು! ಹೆ ಮಾಸ್ತರೇ, ಸೂಜಿ ತಗೊಂಡು ಓಡಿಬನ್ನಿ!"

ಹೆ ಮಾಸ್ತರರು ಹಿಂದೆ ಹತ್ತಿಗಿರಣಿಯ ದವಾಖಾನೆಯಲ್ಲಿ ಕಾಂಪೌಂಡರ್. ನಿವೃತ್ತರಾದ ಮೇಲೆ ರೋಗಿಗಳಿಲ್ಲದೆ ಸೊರಗಿದ್ದವರು, ಆರು ಮೆಟ್ಟಿಲಿಗೊಮ್ಮೆ ಉಸಿರು ತೆಗೆದುಕೊಳ್ಳುವುದನ್ನೂ ಮರೆತು ಹಾರಿ ಬಂದರು.

"ನಾಲಗೆ ತೋರ್ಸಿ."

"ಮ್ಮ್."

"ನಾಲಗೆ ಬಿದ್ಹೋಗಿದೆ. ಹತ್ತೂ ಬೆರಳ ತುದೀಲಿ ರಕ್ತ ತೆಗೀಬೇಕು. ಚಿಕ್ಕಮ್ಮ, ಕಾಲು ಹಿಡ್ಕೊ!"

ದೌ ಕುರ್ಚಿಯ ಸುತ್ತ ಮೂರು ಸಲ ಓಡಿದರು. ಕೆಳಮನೆಯ ಇಬ್ಬರು ಬಂದು ತೋಳು ಹಿಡಿದರು. ಒಂದೊಂದು ಬೆರಳಿಗೆ ಸೂಜಿ ಇಳಿದಾಗಲೂ ದೌ ಅವರ ಮೂವತ್ತೊಂದು ವರ್ಷದ ಕಂಡಕ್ಟರ್ ಗಂಟಲು "ಮ್ಮ್" ಎಂದಷ್ಟೇ ಅಂದಿತು. ಆರನೇ ಬೆರಳಿಗೆ ಕಣ್ಣಲ್ಲಿ ನೀರು ಬಂತು. "ನೋಡಿದ್ರಾ, ಸ್ಪರ್ಶಜ್ಞಾನ ಮರಳ್ತಿದೆ," ಎಂದರು ಮಾಸ್ತರರು ಸಂತೋಷದಿಂದ.

ಹತ್ತನೆಯದಕ್ಕೆ ಹತ್ತಿ ಸುತ್ತುವ ಹೊತ್ತಿಗೆ ಫೆಂಗ್‌ಲಾನ್ ಬಂದಳು. ಗಂಡನ ಮುಖ ನೋಡಿದಳು, ದೇವರತ್ತ ಬೊಟ್ಟು ಮಾಡಿದ ಹತ್ತಿ ಸುತ್ತಿದ ಬೆರಳು ನೋಡಿದಳು. ಅವಳ ಕಣ್ಣು ತುಂಬಿತು.

"ಎಲ್ರೂ ಸುಮ್ನಿರಿ! ಲಕ್ವಾನೂ ಅಲ್ಲ, ಏನೂ ಅಲ್ಲ. ರೀ, ಮಗಳಿಗೋಸ್ಕರ ದೇವರ ಮುಂದೆ ಮೌನವ್ರತ ಹಿಡಿದ್ರಾ? ನನ್ನ ಮಾತನ್ನ ಇಷ್ಟು ಮನಸ್ಸಿಗೆ ಹಚ್ಕೊಂಡ್ರಾ?"

ಮದುವೆಯಾದಂದಿನಿಂದ ಹೆಂಡತಿ ಅವರನ್ನು ಹಾಗೆ ನೋಡಿದ್ದು ಅದೇ ಮೊದಲು. ಕದ್ದು ತಿಂದೆ ಎಂದು ಸನ್ನೆ ಮಾಡಿ ತೋರಿಸಲು ದೌಗೆ ಮನಸ್ಸಾಗಲಿಲ್ಲ. ಹೌದೆಂದು ತಲೆಯಾಡಿಸಿದರು.

ಅದೇ ಕ್ಷಣ ಬಾಗಿಲು ಬಡಿದ ಸದ್ದಾಯಿತು. ಫೆಂಗ್‌ಲಾನ್ ಗಂಡನ ಬೆರಳಿನ ಹತ್ತಿ ಕಿತ್ತೆಸೆದು, ನೆರೆಯವರನ್ನೆಲ್ಲ ಹೊರಗೆ ಸಾಗಿಸಿದಳು. ಶಾಂಗ್ ದಂಪತಿಗಳು ಒಂದು ಗಂಟೆ ಮುಂಚೆಯೇ ಬಂದಿದ್ದರು. ಕೂದಲು ಒಪ್ಪ ಮಾಡಿಸಿಕೊಂಡು ಆಗಷ್ಟೇ ಬಂದ ಯಾಚಿನ್ ಅವರ ಬೆನ್ನ ಹಿಂದೆ ನಿಂತು ಅಪ್ಪನಿಗೆ ಕಣ್ಣಲ್ಲೇ ಕೈಮುಗಿದಳು.

ಶಾಂಗ್ ಯಜಮಾನರು ದುಂಡಗಿನ ಮನುಷ್ಯ. ಹೊಸ್ತಿಲು ದಾಟುವಾಗಲೇ ಮಾತು ಶುರುವಾಯಿತು.

"ಎಂಥಾ ಚಳಿ ಬೀಗರೇ, ಐವತ್ತಾರನೇ ಇಸವೀಲೂ ಇಂಥದ್ದೇ ಚಳಿ, ಆಗ ನಮ್ಮಪ್ಪ ಒಂದು ಕತ್ತೆ ತಂದಿದ್ರು…"

ಕತ್ತೆಯಿಂದ ಕತ್ತೆ ಮಾರಿದವನಿಗೆ, ಅವನಿಂದ ಅವನ ಮೈದುನನಿಗೆ, ಮೈದುನನ ಪಿತ್ತಕೋಶದ ಕಲ್ಲಿಗೆ, ಕಲ್ಲಿನಿಂದ ತಾವು ಸಾಕಿದ ಹಾಡುಹಕ್ಕಿಗೆ ಮಾತು ಹರಿಯಿತು. ದೌ ಮಲ್ಲಿಗೆ ಚಹಾವನ್ನು ಬಿಸಿಬಿಸಿಯಾಗಿ ತುಟಿಯ ಮೂಲೆಯಿಂದ ಹೀರುತ್ತಾ ಕೂತರು. ಬಿಸಿಗಾದರೂ ಮಿಠಾಯಿ ಕರಗೀತೆಂಬ ಆಸೆ. ಮೂರು, ನಾಲ್ಕು, ಐದು ಬಟ್ಟಲು.

ಆಶ್ಚರ್ಯವೆಂದರೆ ಶಾಂಗ್ ಹೆಂಡತಿ ಯಾಚಿನ್‌ಳನ್ನು ಹೆಚ್ಚು ನೋಡಲೇ ಇಲ್ಲ. ಮನೆಯನ್ನೂ ನೋಡಲಿಲ್ಲ. ಸೂರ್ಯಕಾಂತಿ ಬೀಜ ಸುಲಿಯುತ್ತಾ ದೌ ಅವರನ್ನೇ ನೋಡುತ್ತಿದ್ದಳು.

ಆಮೇಲೆ ಬಂತು ನಿಜವಾದ ಸತ್ವಪರೀಕ್ಷೆ.

"ಆ ಕಾಲದಲ್ಲಿ ಮೂರನೇ ನಂಬರ್ ಬಸ್ಸು ಊರ ಪಶ್ಚಿಮ ಬಾಗಿಲ ಹತ್ರ ಎಡಕ್ಕೆ ತಿರುಗ್ತಿತ್ತು ನೋಡಿ," ಎಂದರು ಶಾಂಗ್.

ದೌ ಬಟ್ಟಲು ಕೆಳಗಿಟ್ಟರು. ಮೂರನೇ ನಂಬರ್ ಬಸ್ಸು ಪಶ್ಚಿಮ ಬಾಗಿಲ ಬಳಿ ಹುಟ್ಟಿದಂದಿನಿಂದ ಎಡಕ್ಕೆ ತಿರುಗಿದ್ದಿಲ್ಲ. ಹನ್ನೊಂದು ವರ್ಷ ಅದೇ ಬಸ್ಸಿನಲ್ಲಿ ನಿಂತು ಬಲಕ್ಕೆ ತಿರುಗುವಾಗ ಬಲಕ್ಕೇ ವಾಲಿದ ಮನುಷ್ಯ ದೌ!

"ಮ್ಮ್ಮ್ಮ್!"

"ನೋಡಿ, ಬೀಗರಿಗೂ ನೆನಪಿದೆ! ಟಿಕೆಟ್ಟು ಆಗ ಹಸಿರು ಬಣ್ಣದ್ದು."

ಹಳದಿ! ದೌ ಅವರ ಕತ್ತಿನ ನರ ಉಬ್ಬಿತು. ಮುಚ್ಚಳ ಕಟ್ಟಿದ ಪಾತ್ರೆಯಲ್ಲಿ ಗಂಜಿ ಕುದಿದಂತೆ ಒಳಗೆ ಮಾತು ಕುದಿಯಿತು, ಉಕ್ಕುವುದಕ್ಕೆ ದಾರಿಯಿಲ್ಲ. ಕಣ್ಣಿಂದ ಎರಡು ಹನಿ ಉದುರಿದವು.

ಶಾಂಗ್ ಬಟ್ಟಲು ಪಕ್ಕಕ್ಕಿಟ್ಟು ಮುಂದಕ್ಕೆ ಬಾಗಿದರು. "ನನ್ನ ಮಾತಿಗೆ ಕಣ್ಣೀರು ಹಾಕಿದೋರು ಇದುವರೆಗೆ ಯಾರೂ ಇರ್ಲಿಲ್ಲ ಬೀಗರೇ."

ಏಳನೇ ಬಟ್ಟಲಿಗೆ ಒಳಗೆ ಏನೋ ಜಾರಿತು. ಮಿಠಾಯಿ ನೂಲುನೂಲಾಗಿ ಬಿಟ್ಟಿತು, ದವಡೆ ಅಲುಗಿತು, ನಾಲಗೆಗೆ ಜೀವ ಬಂತು! ದೌ ಎದ್ದು ನಿಂತರು. 'ಬಲಕ್ಕೆ! ಹಳದಿ!' ಎಂಬೆರಡು ಮಾತು ತುಟಿಯ ಅಂಚಿಗೆ ಬಂದು ನಿಂತವು.

"ನಮಗೆ ಒಪ್ಪಿಗೆ," ಎಂದಳು ಶಾಂಗ್ ಹೆಂಡತಿ, ಬೀಜದ ಸಿಪ್ಪೆ ಕೊಡವಿ. "ಇಂಥಾ ಗಂಭೀರವಾದ ಮನುಷ್ಯನ ಮಗಳು ನಮ್ಮನೆಗೆ ಬಂದ್ರೆ ನಮ್ಮ ಪುಣ್ಯ."

ಯಾಚಿನ್ ಅಪ್ಪನ ಕಡೆ ತಿರುಗಿದಳು. ಅವಳ ಮುಖದಲ್ಲಿ ಎಂಥ ಬೆಳಕಿತ್ತೆಂದರೆ, ದೌ ತೆರೆಯುತ್ತಿದ್ದ ಬಾಯಿಯನ್ನು ತಾವಾಗಿಯೇ ಮುಚ್ಚಿದರು. ಆ ದಿನ ಅವರು ಪಟ್ಟ ಕಷ್ಟದಲ್ಲೆಲ್ಲ ಅದೇ ದೊಡ್ಡದು. ಕುಳಿತುಕೊಂಡು, ಬೀಗರ ಬಟ್ಟಲಿಗೆ ಚಹಾ ಬಗ್ಗಿಸಿದರು.

ಬೀಗರು ಹೊರಟಾಗ ಹೊತ್ತು ಇಳಿದಿತ್ತು. ಫೆಂಗ್‌ಲಾನ್ ಕಡುಬು ಬೇಯಿಸಲು ನೀರಿಟ್ಟಳು. ದೌ ಒಲೆದೇವರ ಮುಂದೆ ಊದುಬತ್ತಿ ಹಚ್ಚಿ, ಮೆತ್ತಗಾದ ಮಿಠಾಯಿ ಚಿವುಟಿ ದೇವರ ತುಟಿಗೆ ಹಚ್ಚಿದರು. ಒಳಕೋಣೆಯಿಂದ ತಾಯಿ ಕೋಲೂರಿಕೊಂಡು ಬಂದು ಹಿಂದೆ ನಿಂತಳು.

"ಯಾಕೋ, ಈ ವರ್ಷ ಲಂಚ ಅಂತ ಅನ್ಲೇ ಇಲ್ಲ?"

"ಸಾಕಾಗಿದೆಯಮ್ಮ." ಬೆಳಗಿನಿಂದ ಆಡಿದ ಮೊದಲ ಮಾತು ಅದು. ಒಡೆದ ಕೊಳಲಿನಂತಿತ್ತು.

"ಲಂಚ ಅಲ್ವೋ ಪೆದ್ದಾ. ವರ್ಷವೆಲ್ಲ ನಮ್ಮ ಹೊಗೆ ಕುಡಿದ, ನಮ್ಮ ಜಗಳ ಕೇಳಿಸ್ಕೊಂಡ, ಯಾರ ಹತ್ರಾನೂ ಆಡ್ಲಿಲ್ಲ. ಇಷ್ಟು ದಿನ ಸುಮ್ನೆ ಕೇಳಿಸ್ಕೊಂಡಿದ್ದೋನಿಗೆ ಹೊರಡೋವಾಗ ಬಾಯಿ ಸಿಹಿ ಮಾಡೋದು ಬೇಡ್ವಾ? ನಮ್ಮತ್ತೆ ನನಗೆ ಹೇಳಿದ್ದು ಹೀಗೆ."

ದೌ ದೇವರ ಮುಖ ನೋಡಿದರು. ಅರವತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಅವನ ಮೇಲೆ ಕನಿಕರ ಹುಟ್ಟಿತು. ಸುಮ್ಮನೆ ಕೂತು ಕೇಳುವುದೆಂದರೆ ಏನೆಂದು ಅವರಿಗೀಗ ಗೊತ್ತಿತ್ತು. ಇನ್ನೊಂದಿಷ್ಟು ಮಿಠಾಯಿ ಹಚ್ಚಿ, "ಮೇಲೆ ಹೋಗಿ ಒಳ್ಳೇದು ಹೇಳಪ್ಪಾ," ಎಂದು ಬೇಡಿ, ಪಟವನ್ನು ಗೋಡೆಯಿಂದ ಬಿಡಿಸಿ ಬಾಣಲೆಯಲ್ಲಿಟ್ಟು ಸುಟ್ಟರು. ಬೂದಿ ಕಿಟಕಿಯಾಚೆ ಹಾರಿತು. ದೇವರು ಹೊರಟ.

ಆಗ ಮತ್ತೆ ಬಾಗಿಲು ಬಡಿದ ಸದ್ದಾಯಿತು. ಶಾಂಗ್ ಯಜಮಾನರು ನಗುತ್ತಾ ನಿಂತಿದ್ದರು. ಜೊತೆಗಿದ್ದ ಶಾಂಗ್ ಹೆಂಡತಿ ಗಂಡನನ್ನು ನಡುಮನೆಯಲ್ಲಿ ಕೂರಿಸಿ, ನೇರ ಅಡುಗೆಮನೆಗೆ ಬಂದು ಫೆಂಗ್‌ಲಾನ್‌ಳ ಕೈ ಹಿಡಿದಳು. ಬಾಣಲೆ ತೊಳೆಯುತ್ತಿದ್ದ ದೌಗೆ ಎಲ್ಲವೂ ಕೇಳಿಸಿತು.

"ಬೀಗಿತ್ತೀ, ನಿಜ ಹೇಳ್ತೀನಿ. ನಾನಿವತ್ತು ಹುಡುಗಿ ನೋಡೋಕೆ ಬಂದಿರ್ಲಿಲ್ಲ. ಅವಳು ಚಿನ್ನ ಅಂತ ಮಗನೇ ಹೇಳಿದ್ದ. ನಾನು ನೋಡೋಕೆ ಬಂದಿದ್ದು ನಿಮ್ಮ ಯಜಮಾನ್ರನ್ನ. ನಮ್ಮೋರು ರಿಟೈರಾಗಿ ಎರಡು ವರ್ಷ ಆಯ್ತು. ಬೆಳಗ್ಗೆ ಕಣ್ಣು ಬಿಟ್ರೆ ಮಾತು. ಪಾರ್ಕಿನಲ್ಲಿ ಇವರನ್ನ ಕಂಡ್ರೆ ಜನ ಬೆಂಚು ಬಿಟ್ಟು ಓಡ್ತಾರೆ. ಕೂತು ಕೇಳೋ ಬೀಗರು ಸಿಗ್ಲಪ್ಪ ಅಂತ ಹರಕೆ ಹೊತ್ತಿದ್ದೆ. ಹೋಗೋವಾಗ ಕೆಳಗಡೆ ಮಿಯಾವ್ ಚಿಕ್ಕಮ್ಮ ಸಿಕ್ಕಿ, ಇದೇ ಕಟ್ಟಡದ ನೆಲಮಹಡೀಲಿ ಒಂದು ಮನೆ ಖಾಲಿ ಇದೆ ಅಂದ್ರು. ಅಲ್ಲೇ ಮಾತಾಡಿ ಮುಗಿಸಿಬಿಟ್ವಿ. ಹೊಸ ವರ್ಷಕ್ಕೆ ಮುಂಚೆಯೇ ಬಂದುಬಿಡ್ತೀವಿ!"

ಫೆಂಗ್‌ಲಾನ್ ಗಂಡನ ಕಡೆ ನೋಡಿದಳು. ಯಾಚಿನ್ ಕಡುಬಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಡುಮನೆಯಿಂದ ಕುರ್ಚಿ ಎಳೆದುಕೊಳ್ಳುವ ಸದ್ದು ಬಂತು.

"ಬೀಗರೇ, ಬನ್ನಿ ಬನ್ನಿ! ಆ ಮೂರನೇ ನಂಬರ್ ಬಸ್ಸು ಎಡಕ್ಕೆ ತಿರುಗಿದ ಮೇಲೆ ಏನಾಯ್ತು ಅಂತ ಹೇಳ್ಲೇ ಇಲ್ವಲ್ಲ ನಾನು!"

ದೌ ಕೈ ಒರೆಸಿಕೊಂಡು, ಬೀಗರ ಎದುರಿಗೆ ಹೋಗಿ ಕೂತರು.

"ಮ್ಮ್," ಎಂದರು.