ಎಡಕ್ಕೆ ಎಳೆಯುವ ಕಾರು

ಶಂಕರಲಿಂಗನ ಕಾರು ಎಡಕ್ಕೆ ಎಳೆಯುತ್ತದೆ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಉಸ್ಮಾನಸಾಬನ ಚಹಾದಂಗಡಿಯ ಬೆಂಚಿಗೆ. ಅತನೂರಿನ ಬಸ್ ಸ್ಟ್ಯಾಂಡಿನ ಪಕ್ಕ, ರಸ್ತೆಯ ಎಡಗಡೆ, ಯಾರ ತಂಟೆಗೂ ಹೋಗದೆ ವರ್ಷಗಟ್ಟಲೆ ಕಾಲೂರಿಕೊಂಡಿದ್ದ ಬೆಂಚು ಅದು. ಆ ಬೆಳಿಗ್ಗೆ ಅದರ ಮೇಲೆ ಕೂತು ಬಸಿಯಲ್ಲಿ ಚಹಾ ಊದುತ್ತಿದ್ದವರು "ಎಲ್ಲಿಗ್ರಿ ಸವಾರಿ?" ಎಂದು ಕೈ ಎತ್ತಿದರು. ಶಂಕರಲಿಂಗನೂ ಕೈ ಎತ್ತಿದ. ಕಾರು ಅವರತ್ತಲೇ ಹೊರಟುಬಂತು. ಕೂತವರು ಬಸಿ ಬಿಸಾಕಿ ದಿಕ್ಕಿಗೊಬ್ಬರಂತೆ ಓಡಿದರು. ಕಾರು ಬೆಂಚಿನ ಕಾಲಿಗೆ ಮೂಗು ತಾಗಿಸಿ ನಿಂತಿತು.

"ಶಂಕರಲಿಂಗಣ್ಣಾ, ಚಹಾ ಬೇಕಂದ್ರ ಒಂದ ಮಾತ ಕೂಗಬೇಕಿಲ್ರಿ? ಕಾರ್ ತಗೊಂಡು ಒಳಗೇ ಬರೂದೇನು?" ಎಂದ ಉಸ್ಮಾನಸಾಬ.

"ನಂದೇನೂ ತಪ್ಪಿಲ್ರಿ. ಗಾಡಿ ಎಡಕ್ಕ ಜಗ್ಗಾಕತ್ತದ," ಎಂದು ಶಂಕರಲಿಂಗ ಬೆವರು ಒರೆಸಿಕೊಂಡ. ಪಕ್ಕದಲ್ಲಿ ಕೂತಿದ್ದ ಹೆಂಡತಿ ನಿಂಬೆವ್ವ ತೊಡೆಯ ಮೇಲಿನ ಶೇಂಗಾ ಹೋಳಿಗೆಯ ಬುಟ್ಟಿಯನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದಳು.

ಅವತ್ತು ಕಾರು ಎಳೆಯಬಾರದ ದಿನ. ಖಜೂರಿಗೆ ಕೊಟ್ಟ ತಂಗಿ ವಿಜಯಶ್ರೀಯ ಕುಬಸ. ತವರಿನಿಂದ ಹಸಿರು ಸೀರೆ, ಬುತ್ತಿ ಬಂದು, ಮಧ್ಯಾಹ್ನದೊಳಗೆ ಬಸುರಿಯ ಉಡಿ ತುಂಬಬೇಕು. ತಂದೆತಾಯಿ ಇಲ್ಲದ ಹುಡುಗಿಗೆ ತವರು ಅಂದರೆ ಈ ಅಣ್ಣನೊಬ್ಬನೇ. ಆ ಅಣ್ಣ ಹಿಂದಿನ ನಾಗರಪಂಚಮಿಗೆ ಉಂಡಿಯ ಡಬ್ಬಿ ಹೊತ್ತು ಬಸ್ಸಿನಲ್ಲಿ ಹೊರಟಿದ್ದ. ಬಸ್ಸು ನಡುದಾರಿಯಲ್ಲಿ ಕೆಟ್ಟು, ಹಬ್ಬ ಮುಗಿದ ಮರುದಿನ ಬೀಗರ ಬಾಗಿಲು ತಟ್ಟಿದ್ದ. ವಿಜಯಶ್ರೀಯ ಅತ್ತೆ ಮಲ್ಕಮ್ಮನಿಗೆ ಅಷ್ಟೇ ಸಾಕಾಯಿತು. "ನಮ್ಮ ಸೊಸಿ ಅಣ್ಣ ಪಂಚಮಿ ಉಂಡಿ ದಸರಾಕ್ಕ ತರ್ತಾನವ್ವಾ," ಎಂದು ನೀರಿಗೆ ಬಂದವರ ಮುಂದೆ, ಹಿಟ್ಟು ಬೀಸಿಸಲು ಹೋದಲ್ಲಿ, ಸಂತೆಯಲ್ಲಿ ಆಡಿಕೊಂಡು ನಕ್ಕಳು. ತಂಗಿ ಫೋನಿನಲ್ಲಿ ಅತ್ತಳು. ಆ ಅಳು ಕೇಳಲಾರದೆ ಶಂಕರಲಿಂಗ ಕಾರು ಓಡಿಸುವುದನ್ನು ಕಲಿತು, ಅಫಜಲಪುರದ ಒಬ್ಬರಿಂದ ಹಳೆಯ ಬಿಳಿ ಕಾರೊಂದನ್ನು ಕೊಂಡು ತಂದಿದ್ದ.

ಬೆಂಚಿನ ಸುತ್ತ ಸೇರಿದ್ದ ಜನರನ್ನು ಸರಿಸಿಕೊಂಡು ಪಕ್ಕದ ಮನೆಯ ಚಂದ್ರಾಮಪ್ಪ ಬಂದ. ಸರಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತನಾದವನು. ನಿವೃತ್ತಿಯಾದ ಮೇಲೆ ಊರಲ್ಲಿ ಯಾವ ಗಾಡಿ ಕೆಮ್ಮಿದರೂ ನಾಡಿ ಹಿಡಿಯುವುದು ತನ್ನ ಹಕ್ಕು ಎಂದು ತಿಳಿದಿದ್ದ.

"ಭಾರ! ಭಾರದ ಫರಕ ಇದು," ಎಂದು ಆತ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಹೆಂಡ್ತಿ ಎಡಕ್ಕ, ಬುತ್ತಿ ಎಡಕ್ಕ. ನೀ ನೋಡಿದ್ರ ಬಲಕ್ಕ ಒಣಗಿದ ದಂಟಿನಂಗ ಕುಂತಿ. ಗಾಡಿ ಎಡಕ್ಕ ಜಗ್ಗದ ಏನ್ ಮಾಡ್ತದ? ನಿಂಬೆವ್ವಾ, ನೀ ಹಿಂದ ಬಲಕ್ಕ ಕೂಡು. ಬುಟ್ಟಿನೂ ಬಲಕ್ಕ ಇಡು."

"ಎಡಕ್ಕ ಖಾಲಿ ಆತಲ್ರಿ ಕಾಕಾ," ಎಂದಳು ನಿಂಬೆವ್ವ.

"ಅಲ್ಲಿ ನಾ ಕೂಡ್ತೇನಿ," ಎಂದು ಚಂದ್ರಾಮಪ್ಪ ಬಾಗಿಲು ತೆಗೆದು ಕೂತೇಬಿಟ್ಟ. ಆತನ ಮೈ ನಿಂಬೆವ್ವ, ಬುಟ್ಟಿ ಎರಡನ್ನೂ ಸೇರಿಸಿದ್ದಕ್ಕಿಂತ ಭಾರ ಎಂಬುದನ್ನು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಕುಬಸದ ಊಟದ ಸುದ್ದಿ ಆತನಿಗೆ ಹಿಂದಿನ ದಿನವೇ ಮುಟ್ಟಿತ್ತು.

ಊರು ದಾಟುವಷ್ಟರಲ್ಲಿ ಮತ್ತೆ ಅದೇ ಕತೆ. ಶಂಕರಲಿಂಗ ಸೊಸೈಟಿಯ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂಡುವವನು. ಸುತ್ತಿನ ಹಳ್ಳಿಗಳಲ್ಲಿ ಹೊಲ ಇದ್ದವರೆಲ್ಲ ಆತನ ಪರಿಚಯದವರೇ. ಕಟ್ಟೆಯ ಮೇಲಿನವರು, ಎಮ್ಮೆ ಹೊಡೆದುಕೊಂಡು ಹೊರಟವರು, ಬಸ್ಸಿಗೆ ಕಾದವರು ಎಲ್ಲರೂ "ಶರಣ್ರಿ ಅಣ್ಣಾರ" ಎನ್ನುವರು. ಕಂಡವರನ್ನು ಮಾತಾಡಿಸದೆ ಹೋಗುವುದು ಆತನ ಜಾಯಮಾನವಲ್ಲ. ಕಾರು ಬಂದ ಮೇಲಂತೂ ಸೊಕ್ಕು ಬಂತು ಅನ್ನಬಾರದೆಂದು ಮೊದಲಿಗಿಂತ ಹೆಚ್ಚಾಗಿ ಮಾತಾಡಿಸುತ್ತಿದ್ದ. ಕಾರು ಮಾತ್ರ ಒಮ್ಮೆ ಎಮ್ಮೆಯ ಬಾಲ ಸವರಿತು, ಇನ್ನೊಮ್ಮೆ ಕಿಲೋಮೀಟರ್ ಕಲ್ಲನ್ನು ತಬ್ಬಲು ಹೋಯಿತು.

"ಬಿಡು, ಭಾರ ಅಲ್ಲ ಇದು," ಎಂದ ಚಂದ್ರಾಮಪ್ಪ. "ಚಾಕದಾಗ ಹವಾ ಕಮ್ಮಿ."

ಹವಾ ಹಾಕುವ ಅಂಗಡಿ ಸಿಗುವ ಮೊದಲೇ ಕಡಲೆ ಸಿಕ್ಕಿತು. ಸುಗ್ಗಿಯ ದಿನಗಳಲ್ಲಿ ಆ ಕಡೆಯ ಡಾಂಬರು ರಸ್ತೆಯೆಲ್ಲ ಅರ್ಧ ಸರಕಾರದ್ದು, ಅರ್ಧ ರೈತರದು. ಕಿತ್ತ ಕಡಲೆ ಗಿಡವನ್ನು ಎಡಗಡೆ ಹಾಸಿ ಬಿಡುತ್ತಾರೆ. ಲಾರಿ, ಬಸ್ಸು ಹಾದು ಕಾಯಿ ಒಡೆದು ರಾಶಿಯ ಅರ್ಧ ಕೆಲಸ ಮುಗಿಸುತ್ತವೆ. ಕಾರಿನವರು ಮಾತ್ರ ದಂಟು ಅಚ್ಚಿಗೆ ಸುತ್ತಿಕೊಳ್ಳುತ್ತದೆಂದು ತಪ್ಪಿಸಿಕೊಂಡು ಹೋಗುತ್ತಾರೆ. ಶಂಕರಲಿಂಗನೂ ತಪ್ಪಿಸುವವನೇ ಇದ್ದ. ಆದರೆ ಹಾಸಿನ ಪಕ್ಕ ನಿಂತಿದ್ದ ಮಾಳಿಂಗ ಗುರುತು ಹಿಡಿದು ಕೈ ಎತ್ತಿದ. ಶಂಕರಲಿಂಗನೂ ನಗುತ್ತ ಕೈ ಎತ್ತಿದ. ಕಾರು ಕಡಲೆಗೆ ಬಿದ್ದು, ಹಾಸಿನ ಈ ತುದಿಯಿಂದ ಆ ತುದಿಯವರೆಗೆ ಚಟಚಟ ಸದ್ದು ಮಾಡುತ್ತ ಹೋಗಿ ನಿಂತಿತು.

ಬೈಗುಳ ಬೀಳುತ್ತದೆಂದು ಕಾದು ಕೂತ ಶಂಕರಲಿಂಗನ ಹತ್ತಿರ ಮಾಳಿಂಗ ಓಡಿ ಬಂದು ಆತನ ಎರಡೂ ಕೈ ಹಿಡಿದುಕೊಂಡ. "ಏನ್ ದೊಡ್ಡ ಮನಸ್ರಿ ನಿಮ್ದು! ಕಾರಿನವ್ರು ನಮ್ಮ ಕಡ್ಲಿ ನೋಡಿ ಮಾರಿ ತಿರುಗಿಸ್ತಾರ. ನೀವೊಬ್ರು ಹುಡುಕ್ಯಾಡಿ ಮ್ಯಾಲ ಹಾಯಿಸಿದ್ರಿ. ಇನ್ನೊಂದ ಸುತ್ತ ಹೊಡೀರಿ ಅಣ್ಣಾರ, ನಿಮಗ ಪುಣ್ಯ ಬರ್ತದ."

"ತಮ್ಮಾ, ಕುಬಸದ ಹೊತ್ತು ಮೀರ್ತದ..."

"ಒಂದೇ ಸುತ್ತ್ರಿ!"

ಇಲ್ಲ ಅನ್ನುವುದು ಶಂಕರಲಿಂಗನಿಗೆ ಹುಟ್ಟಿನಿಂದ ಬಾರದ ವಿದ್ಯೆ. ಹಿಂದೆ ಹೋದ, ಮುಂದೆ ಬಂದ. ಪಕ್ಕದ ಹಾಸಿನವರು ತಾವೇನು ಪಾಪ ಮಾಡಿದ್ದೇವೆ ಎಂದು ಅಡ್ಡ ನಿಂತರು. ಅವರದನ್ನೂ ತುಳಿದ. ಕೊನೆಗೆ ಅಚ್ಚಿಗೆ ಸುತ್ತಿದ ದಂಟನ್ನು ಎಲ್ಲರೂ ಸೇರಿ ಕುಡುಗೋಲಿನಿಂದ ಕೊಯ್ದು ತೆಗೆಯುವಷ್ಟರಲ್ಲಿ ಬಿಸಿಲು ನೆತ್ತಿಯ ಕಡೆಗೆ ಸರಿಯುತ್ತಿತ್ತು. ನಿಂಬೆವ್ವನ ಸಹನೆ ತೀರಿತು.

"ಸೀದಾ ಆಳಂದಕ್ಕ ನಡೀರಿ. ಮೇಸ್ತ್ರಿಗಿ ತೋರಿಸಿ ಮುಂದ ಹೋಗೂಣು. ಇಲ್ಲಂದ್ರ ನಾ ಬುಟ್ಟಿ ಹೊತ್ಕೊಂಡು ನಡಕೋತ ಹೋಗ್ತೇನಿ."

"ನೀ ಸರಿ, ನಾ ಹೊಡೀತೇನಿ," ಎಂದು ಚಂದ್ರಾಮಪ್ಪ ಶಂಕರಲಿಂಗನನ್ನು ಎಬ್ಬಿಸಿ ತಾನು ಸ್ಟೀರಿಂಗ್ ಹಿಡಿದ. ಆ ದಾರಿಯಲ್ಲಿ ಬಸ್ಸು ಓಡಿಸಿ ಕೂದಲು ಹಣ್ಣಾದವನು ಆತ. ಪ್ರತಿ ಸ್ಟಾಪಿನಲ್ಲೂ ಹಳೆಯ ಪ್ರಯಾಣಿಕರು "ಡ್ರೈವರ್ ಸಾಹೇಬ್ರ!" ಎಂದು ಕೂಗಿದರು. ಚಂದ್ರಾಮಪ್ಪ ಮಂತ್ರಿಯಂತೆ ಕೈ ಬೀಸಿದ. ಕಾರು ಒಂದು ಸ್ಟಾಪಿನಲ್ಲಿ ಕಲ್ಲಂಗಡಿ ಹಣ್ಣಿನ ಗುಡ್ಡೆಗೂ, ಮುಂದಿನದರಲ್ಲಿ ಪಾನ್‌ಡಬ್ಬಿಗೂ ನುಗ್ಗಲು ನೋಡಿತು.

"ನನ್ನ ಕೈಯಾಗೂ ಜಗ್ಗತದ ಅಂದ್ರ ಮುಗೀತು. ಗಾಡಿನೇ ಖರಾಬ," ಎಂದು ಆತ ತೀರ್ಪು ಕೊಟ್ಟ. ಶಂಕರಲಿಂಗನಿಗೆ ಒಳಗೊಳಗೇ ಸಮಾಧಾನವಾಯಿತು. ತಪ್ಪು ತನ್ನದಲ್ಲ, ಕಾರಿನದು ಎಂದು, ತಡವಾದರೆ, ಮಲ್ಕಮ್ಮನಿಗೂ ಹೇಳಬಹುದು.

ಆಳಂದದ ಗ್ಯಾರೇಜಿನಲ್ಲಿ ಅಲ್ತಾಫ ಮೇಸ್ತ್ರಿ ಗಾಲಿಗಳ ಹವಾ ನೋಡಿದ, ಕಾರಿನ ಕೆಳಗೆ ಮಲಗಿ ಎದ್ದ. ಏನೂ ಸಿಗಲಿಲ್ಲ. ಎಲ್ಲರನ್ನೂ ಕೂಡಿಸಿಕೊಂಡು ಊರ ಹೊರಗಿನ ಖಾಲಿ ರಸ್ತೆಗೆ ತಂದು ಜೋರಾಗಿ ಓಡಿಸಿ, ಸ್ಟೀರಿಂಗಿನಿಂದ ಎರಡೂ ಕೈ ತೆಗೆದು ತಲೆಯ ಹಿಂದೆ ಇಟ್ಟುಕೊಂಡ. ನಿಂಬೆವ್ವ ಕಣ್ಣು ಮುಚ್ಚಿ ಕುಲದೇವರನ್ನು ನೆನೆದಳು. ಕಾರು ಅತ್ತಿತ್ತ ಅಲುಗದೆ ನೂಲು ಹಿಡಿದಂತೆ ಹೋಯಿತು.

"ಗಾಡಿ ಬಿಲ್ಕುಲ ಸೀದಾ ಅದ್ರಿ. ನನಗಂತೂ ಏನೂ ತಿಳೀವಲ್ದು," ಎಂದು ಅಲ್ತಾಫ ಕಾರನ್ನು ಮರಳಿ ಗ್ಯಾರೇಜಿಗೆ ತಂದು ಇಳಿದು ಹೋದ. ಆತನಿಗೆ ಬೇರೆ ಗಾಡಿಗಳಿದ್ದವು.

ಶಂಕರಲಿಂಗ ಮತ್ತೆ ಸ್ಟೀರಿಂಗ್ ಹಿಡಿದ. ಗ್ಯಾರೇಜಿನ ಮುಂದಿನ ತಿರುವಿನಲ್ಲೇ ಯಾರೋ "ಓ, ಸೊಸೈಟಿ ಅಣ್ಣಾರ!" ಎಂದರು. ಶಂಕರಲಿಂಗ ಕೈ ಎತ್ತಿದ. ಕಾರು ಬಾಳೆಹಣ್ಣಿನ ಬಂಡಿಯತ್ತ ಬಾಗಿತು.

"ನಿಲ್ಲಸ್ರಿ!" ಎಂದು ನಿಂಬೆವ್ವ ಹಿಂದಿನಿಂದ ಚೀರಿದಳು. "ಆ ಕೈ ಹಂಗೇ ಇರ್ಲಿ, ಇಳಿಸಬ್ಯಾಡ್ರಿ. ನೋಡ್ರಿ ಈಗ. ಬಲಗೈ ಶರಣು ಮಾಡಾಕ ಮ್ಯಾಲ ಹೋಗ್ಯದ. ಎಡಗೈ ಒಂದೇ ಸ್ಟೀರಿಂಗಿನ ಮ್ಯಾಲ ಜೋತ ಬಿದ್ದದ. ಗಾಡಿ ಎಡಕ್ಕ ಹೋಗದ ಎಲ್ಲಿಗಿ ಹೋಗ್ತದ? ಬೆಳಗ್ಗಿಂದ ಕಾರ್ ಅಲ್ರಿ ಜಗ್ಗಿದ್ದು, ನೀವು ಜಗ್ಗೀರಿ! ಕಾಕಾನೂ ಅಷ್ಟೇ."

ಚಂದ್ರಾಮಪ್ಪ ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದ.

"ಹಂಗಾದ್ರ ಎಡಗೈ ಎತ್ತಿದ್ರ?" ಎಂದ ಶಂಕರಲಿಂಗ ಮೆಲ್ಲಗೆ.

"ಎಡಗೈಲೆ ಯಾರಾರ ಶರಣು ಮಾಡ್ತಾರೇನ್ರಿ? ಹೊಡದಾರು. ಯಾವ ಕೈನೂ ಬ್ಯಾಡ. ಖಜೂರಿ ಮುಟ್ಟೂತನ ಯಾರ ಮಾರಿನೂ ನೋಡಬ್ಯಾಡ್ರಿ. ಎರಡೂ ಕೈಲೆ ಗಟ್ಟಿ ಹಿಡೀರಿ."

ಶಂಕರಲಿಂಗ ಗಟ್ಟಿ ಹಿಡಿದ. ಬೆರಳ ಗೆಣ್ಣು ಬಿಳುಪಾಗುವಂತೆ ಹಿಡಿದ. ಕೂಗಿದವರನ್ನು ಕೇಳಲಿಲ್ಲ, ಕೈ ಎತ್ತಿದವರನ್ನು ನೋಡಲಿಲ್ಲ. ಕಣ್ಣು ರಸ್ತೆಯ ನಡುವೆ ಮೊಳೆ ಹೊಡೆದಂತಿತ್ತು. ಕಾರು ಗಾಳಿ ಸೀಳಿಕೊಂಡು ಹೋಯಿತು. ಚಂದ್ರಾಮಪ್ಪ ಊಟದ ಕನಸಿನಲ್ಲಿ ಗೊರಕೆ ಹೊಡೆದ. ಸೂರ್ಯ ನೆತ್ತಿಗೆ ಬರುವ ಮೊದಲೇ ಕಾರು ಖಜೂರಿಗೆ ನುಗ್ಗಿ ಬೀಗರ ಅಂಗಳದಲ್ಲಿ ನಿಂತಿತು.

ಬಾಗಿಲಲ್ಲಿ ವಿಜಯಶ್ರೀ ನಿಂತಿದ್ದಳು. ಅಣ್ಣನನ್ನು ಕಂಡು ಆಕೆಯ ಕಣ್ಣು ತುಂಬಿಬಂತು. ಶಂಕರಲಿಂಗನಿಗೆ ಅಂಥ ಸಂತೋಷ ಮದುವೆಯಾದಾಗಲೂ ಆಗಿರಲಿಲ್ಲ. ಒಳಗಿನಿಂದ ಮಲ್ಕಮ್ಮ ಬಂದಳು. ಕಾರು ನೋಡಿದಳು, ಬಿಸಿಲು ನೋಡಿದಳು. ತಡವಾಯಿತೆನ್ನಲು ಎಡೆಯಿಲ್ಲದೆ ಆಕೆಯ ಮುಖ ಸಪ್ಪಗಾಯಿತು.

"ನಮ್ಮನಿಯವ್ರೆಲ್ಲಿ? ನಿಮ್ಮ ಸಂಗಟ ಕಾರಿನಾಗ ಬರಲಿಲ್ಲೇನು?" ಎಂದು ಕೇಳಿದಳು.

"ಮಾವಾರು? ಎಲ್ಲದಾರ್ರಿ ಅವ್ರು?"

ಎಲ್ಲಿದ್ದಾರೆಂಬುದು ಆ ಹೊತ್ತಿಗೇ ಓಣಿಯ ತುಂಬ ಸುದ್ದಿಯಾಗಿ ಬಂತು. ವಿಜಯಶ್ರೀಯ ಮಾವ ಭೀಮಶಾ ಬೀಗರನ್ನು ಎದುರುಗೊಳ್ಳಲೆಂದು ಹೊಸ ರುಮಾಲು ಸುತ್ತಿ, ಊರ ಹಿರಿಯರನ್ನು ಕೂಡಿಸಿಕೊಂಡು ಬೆಳಿಗ್ಗೆಯಿಂದ ಊರಬಾಗಿಲಲ್ಲಿ, ರಸ್ತೆಯ ಎಡಗಡೆ, ಅಗಸಿಯ ಕಟ್ಟೆಯ ಮೇಲೆ ಕೂತಿದ್ದ. ಬಿಳಿ ಕಾರು ಕಂಡೊಡನೆ ಎಲ್ಲರೂ ಎದ್ದು ಕೈ ಎತ್ತಿದ್ದರು. ಬೀಗ ಕಲ್ಲಿನ ಬಸವಣ್ಣನಂತೆ ಕೂತು, ಹೊರಳಿಯೂ ನೋಡದೆ, ಎಲ್ಲರ ರುಮಾಲಿಗೂ ಧೂಳು ಹೊದಿಸಿ ಹೋಗಿದ್ದ. ಭೀಮಶಾ ಕಟ್ಟೆಯಿಂದ ಇಳಿಯುವುದಿಲ್ಲ ಎಂದು ಹಟ ಹಿಡಿದಿದ್ದ. ಮನೆಯ ಹಿರಿಯನಿಲ್ಲದೆ ಉಡಿ ತುಂಬುವಂತಿಲ್ಲ.

ಶಂಕರಲಿಂಗ ಕಟ್ಟೆಗೆ ಓಡಿದ. ಹಿಂದೆ ಅರ್ಧ ಊರು ಓಡಿತು. "ಮಾವಾರ, ತಪ್ಪ ತಿಳೀಬ್ಯಾಡ್ರಿ. ನಾ ಕೈ ಎತ್ತಿದ್ರ ಕಾರ್ ಎಡಕ್ಕ ಹೋಗ್ತದ್ರಿ. ಅದಕ್ಕ ಎತ್ತಲಿಲ್ಲ."

ಕಟ್ಟೆ ಗೊಳ್ಳೆಂದು ನಕ್ಕಿತು. "ಶರಣು ಮಾಡಿದ್ರ ತಿರುಗೂ ಕಾರ್ ಅಂತ! ಕೇಳೀರೇನ್ರೋ ಎಲ್ಲಾರೂ?" ಎಂದ ಭೀಮಶಾ. ನಗು ನಿಂತ ಮೇಲೆ ಆತ ಕಣ್ಣು ಸಣ್ಣಗೆ ಮಾಡಿದ. "ಹೋಗ್ಲಿ, ನೋಡೇ ಬಿಡೂಣು. ಊರ ಹೊರಗ ಹೋಗಿ ಈಗ ಬಂದಂಗ ಮತ್ತ ಬಾ. ಕೈ ಎತ್ತು. ಕಾರ್ ನಮ್ಮ ಕಡಿ ತಿರುಗಿದ್ರ ನೀ ಖರೇ. ನಾ ಅದೇ ಕಾರಿನಾಗ ಕುಂತು ಮನಿಗಿ ಬರ್ತೇನಿ."

ಶಂಕರಲಿಂಗನಿಗೆ ಹೋದ ಜೀವ ಬಂದಂತಾಯಿತು. ಬೆಳಗಿನಿಂದ ಬೇಡವೆಂದರೂ ಎಡಕ್ಕೆ ಹೋದ ಕಾರು ಇದು. ಒಂದೇ ಒಂದು ಸಲ ಹೋಗಬೇಕು, ತಂಗಿಯ ಮಾನ ಉಳಿಯಬೇಕು. ಅಂಗಳದಿಂದ ಕಾರು ತೆಗೆದು, ಊರ ಹೊರಗೆ ಹೋಗಿ ತಿರುಗಿಸಿಕೊಂಡು ಮೆಲ್ಲಗೆ ಬಂದ. ಕಟ್ಟೆಯ ಮೇಲೆ ಭೀಮಶಾ ಗಂಭೀರವಾಗಿ ಎದ್ದು ನಿಂತಿದ್ದ. ಸುತ್ತ ಹಿರಿಯರು, ರುಮಾಲುಗಳು, ಬಿಳಿ ಮೀಸೆಗಳು. ತಂಗಿಯ ಮಾವ, ಹೆಣ್ಣು ಕೊಟ್ಟ ಮನೆಯ ಹಿರಿಯ ಎದುರಿಗೆ ನಿಂತಿರುವಾಗ ಅತನೂರಿನಲ್ಲಿ ಹುಟ್ಟಿ ಬೆಳೆದವನ ಕೈ ತಾನಾಗಿ ಏನು ಮಾಡುತ್ತದೋ ಅದನ್ನೇ ಶಂಕರಲಿಂಗನ ಕೈಗಳು ಮಾಡಿದವು. ಎರಡೂ ಸೇರಿ ಎದೆಯ ಹತ್ತಿರ ಜೋಡಿಕೊಂಡವು. ಆತ ತಲೆಯನ್ನೂ ಬಾಗಿಸಿದ.

ಸ್ಟೀರಿಂಗಿನ ಮೇಲೆ ಯಾವ ಕೈಯೂ ಇರಲಿಲ್ಲ. ಕಾರು ಕಟ್ಟೆಯ ಮುಂದೆ ಎಡಕ್ಕೂ ಬಲಕ್ಕೂ ಅಲುಗದೆ, ನೂಲು ಹಿಡಿದಂತೆ, ಬಹಳ ಮರ್ಯಾದೆಯಿಂದ ನೇರ ಹೋಯಿತು.

"ಸುಳ್ಳ!" ಎಂದಿತು ಇಡೀ ಕಟ್ಟೆ.

"ಎರಡೂ ಕೈ ಬಿಟ್ಟ, ನೋಡೀರೇನ? ಆದ್ರೂ ಕಾರ್ ಮಿಸುಕಾಡಲಿಲ್ಲ," ಎಂದು ಭೀಮಶಾ ಊರಿಗೆಲ್ಲ ಕೇಳುವಂತೆ ಕೂಗಿದ.

ಶಂಕರಲಿಂಗ ಕಾರಿನಿಂದ ಹಾರಿ ಇಳಿದು ಬಂದ. "ಇಲ್ರಿ ಮಾವಾರ, ತಪ್ಪಾತು, ಇನ್ನೊಮ್ಮೆ ಬರ್ತೇನಿ! ಈ ಸಲ ಬರೇ ಒಂದ ಕೈಲೆ ಮಾಡಿ ತೋರಿಸ್ತೇನ್ರಿ!"

ಭೀಮಶಾನ ಮೀಸೆ ನಡುಗಿತು.

"ಏನಂದಿ? ಬೀಗರಿಗಿ ಒಂದ ಕೈಲೆ ಶರಣು ಮಾಡ್ತಿ?"

ಆಮೇಲೆ ಊರ ಹಿರಿಯರು, ನಿಂಬೆವ್ವ, ಊಟದ ಹೊತ್ತು ಮೀರುತ್ತಿದೆಯೆಂದು ಚಡಪಡಿಸುತ್ತಿದ್ದ ಚಂದ್ರಾಮಪ್ಪ ಎಲ್ಲರೂ ಸೇರಿ ಭೀಮಶಾನ ಕಾಲು ಹಿಡಿದು ಮನೆಗೆ ಕರೆತರುವಷ್ಟರಲ್ಲಿ ಬಿಸಿಲು ಪಡುವಣಕ್ಕೆ ಇಳಿದಿತ್ತು. ವಿಜಯಶ್ರೀ ಹಸಿರು ಸೀರೆ ಉಟ್ಟು ಹಸಿದು ಕೂತಿದ್ದಳು. ಉಡಿ ತುಂಬುವಾಗ ಮಲ್ಕಮ್ಮನ ಮುಖಕ್ಕೆ ಕಾರು ಕಂಡಾಗ ಹೋಗಿದ್ದ ಕಳೆ ಪೂರ್ತಿಯಾಗಿ ಮರಳಿ ಬಂದಿತ್ತು. ನೆರೆದ ಹೆಂಗಸರನ್ನೆಲ್ಲ ಒಮ್ಮೆ ನೋಡಿ, ಶಂಕರಲಿಂಗನ ಎಲೆಗೆ ತಾನೇ ಹೋಳಿಗೆ ಬಡಿಸುತ್ತ ಆಕೆ ಅಕ್ಕರೆಯಿಂದ ಹೇಳಿದಳು:

"ತೊಟ್ಟಲ ಕಾರ್ಯಕ್ಕ ಬಸ್ಸಿನಾಗೇ ಬರ್ರಿ ತಮ್ಮಾ. ತಡಾ ಆದ್ರ ಆಗ್ಲಿ, ನಾವೇನೂ ಅನ್ನಂಗಿಲ್ಲ."