ಕೆಮ್ಮಣ್ಣನಿಗೆ ಕೆಮ್ಮು ಕೈಕೊಟ್ಟ ದಿನ

ಬೆಳಿಗ್ಗೆ ಆರು ಗಂಟೆಗೆ ಕೆಮ್ಮಣ್ಣ ಎದ್ದ, ಒಮ್ಮೆ ಕೆಮ್ಮಿದ, ಅಭ್ಯಾಸಬಲದಿಂದ ಬಚ್ಚಲಿಗೆ ಹೋಗಿ ಉಗಿದು ನಲ್ಲಿ ತಿರುಗಿಸಿದ. ನೀರು ಹರಿದುಹೋದ ಮೇಲೆ ದಿಂಬಿನ ಪಕ್ಕ ಇಟ್ಟುಕೊಂಡಿದ್ದ ಪುಟ್ಟ ಪ್ಲಾಸ್ಟಿಕ್ ಡಬ್ಬಿಯ ನೆನಪಾಯಿತು. ಒಂದು ವಾರದಿಂದ ವ್ರತದಂತೆ ಕಾಪಾಡಿಕೊಂಡು ಬಂದಿದ್ದ ಕಫ ಚರಂಡಿಯ ಪಾಲಾಗಿತ್ತು.

ಆ ಕಫದ ಬೆಲೆ ತಿಳಿಯಬೇಕಾದರೆ ಅವನ ಎದೆಯ ಚರಿತ್ರೆ ಸ್ವಲ್ಪ ಕೇಳಬೇಕು. ಅವನು ಗ್ರಂಥಾಲಯದ ಓದುವ ಕೋಣೆಯಲ್ಲಿ ಗುಮಾಸ್ತ. ತಲೆಯ ಮೇಲೆ ‘ನಿಶ್ಶಬ್ದ’ ಎಂಬ ಫಲಕ, ಅದರ ಕೆಳಗೆ ಕೂತು ಎಂಟು ತಿಂಗಳಿಂದ ಕೆಮ್ಮು. ಕೆಮ್ಮಣ್ಣ ಎಂದು ನಾಮಕರಣ ಮಾಡಿದವರು ಓದುಗರೇ. ನಾಲ್ವರು ಡಾಕ್ಟರುಗಳು ನಾಲ್ಕು ಬಗೆಯ ಆ್ಯಂಟಿಬಯಾಟಿಕ್ ಕೊಟ್ಟಿದ್ದರು. ಪ್ರತಿ ಸಲವೂ ಕೆಮ್ಮು ಎರಡು ದಿನ ರಜೆ ಹಾಕಿ ಮತ್ತೆ ಕೆಲಸಕ್ಕೆ ಹಾಜರಾಗುತ್ತಿತ್ತು. ಐದನೆಯವರು, ಎದೆರೋಗದ ಡಾಕ್ಟರು, ಔಷಧಿಯನ್ನೇ ಬರೆಯಲಿಲ್ಲ.

“ಅಂದಾಜಿನ ಮೇಲೆ ಮಾತ್ರೆ ನುಂಗಿದ್ದು ಸಾಕು,” ಎಂದರು. “ನಿಮ್ಮೆದೇಲಿರೋ ರೋಗಾಣುನ ಲ್ಯಾಬಲ್ಲಿ ಬೆಳೆಸಿ, ಅದು ಯಾವ ಔಷಧಿಗೆ ಹೆದರುತ್ತೆ ಅಂತ ನೋಡೋಣ. ಏಳು ದಿನ ಆ್ಯಂಟಿಬಯಾಟಿಕ್ ಮುಟ್ಟಬೇಡಿ. ಎಂಟನೇ ದಿನ ಬೆಳಿಗ್ಗೆ ಆಳದಿಂದ ಕೆಮ್ಮಿ, ಬಂದದ್ದನ್ನ ಈ ಡಬ್ಬೀಲಿ ಲ್ಯಾಬಿಗೆ ಕೊಡಿ. ಒಂದು ಗಂಟೆಗೆ ಬಾಗಿಲು ಹಾಕ್ತಾರೆ.”

ಇತ್ತ ಮುಖ್ಯ ಗ್ರಂಥಪಾಲಕರೂ ಅದೇ ದಿನಕ್ಕೆ ಗಡುವು ಹಾಕಿದ್ದರು. ಕೆಮ್ಮಿನ ಪರೀಕ್ಷೆ ಮಾಡಿಸಿದ್ದಕ್ಕೆ ಸಂಜೆಯೊಳಗೆ ಲ್ಯಾಬಿನಿಂದ ಒಂದು ಕಾಗದ ಬರಬೇಕು. ಬಾರದಿದ್ದರೆ ಸೋಮವಾರದಿಂದ ನೆಲಮಾಳಿಗೆಯ ಉಗ್ರಾಣ. ಅಲ್ಲಿ ನಲವತ್ತು ವರ್ಷದ ಹಳೆಯ ಪತ್ರಿಕೆಗಳೂ ಅಷ್ಟೇ ವಯಸ್ಸಿನ ಧೂಳೂ ಇದ್ದವು. ಆ ಎದೆ ಹೊತ್ತುಕೊಂಡು ಅಲ್ಲಿಗಿಳಿದರೆ ಮೇಲೆ ಬರುವುದು ಅನುಮಾನವೇ ಎಂದು ಕೆಮ್ಮಣ್ಣನಿಗೆ ನಿಜವಾಗಿಯೂ ಭಯವಿತ್ತು.

“ಇನ್ನೊಂದ್ಸಲ ಕೆಮ್ಮಿ ನೋಡಿ, ಅದಕ್ಕೇನು ಬರಗಾಲವೇ?” ಎಂದಳು ಹೆಂಡತಿ.

ಕೆಮ್ಮಣ್ಣ ಕೆಮ್ಮಿದ. ಶಬ್ದ ಬಂತು, ಸರಕು ಬರಲಿಲ್ಲ. ಹೆಂಡತಿ ಬೆನ್ನು ಗುದ್ದಿದಳು. ಹಳೆಯ ಲೆಕ್ಕವನ್ನೂ ಸೇರಿಸಿಯೇ ಗುದ್ದಿದಳೆಂದು ಅವನಿಗೆ ಅನ್ನಿಸಿತು. ಆದರೂ ಬರಲಿಲ್ಲ. ಅತ್ತೆ ಎಂದಿನಂತೆ ಬಿಸಿ ಹಾಲು ತಂದುಕೊಟ್ಟರು.

“ಇವತ್ತು ಹಾಲು ಹಾಲಿನ ಹಾಗೇ ಇದೆಯಲ್ಲ ಅತ್ತೆ. ವಾರದಿಂದ ಸುಣ್ಣ ಕದಡಿದ ಹಾಗಿತ್ತು.”

“ಹಾಲಿನವನನ್ನ ಬದಲಾಯಿಸಿದೆ ಅಳಿಯಂದ್ರೇ,” ಎಂದು ಅತ್ತೆ ಸರಕ್ಕನೆ ಒಳಗೆ ಹೋದರು.

ಅಷ್ಟರಲ್ಲಿ ಎದುರು ಮನೆಯ ನಿವೃತ್ತ ಕಾಂಪೌಂಡರ್ ಬಂದರು. ಬೀದಿಯಲ್ಲಿ ಯಾರ ಕಾಯಿಲೆ ವಾಸಿಯಾದರೂ ಉಳಿದ ಮಾತ್ರೆಗಳು ಇವರ ಬಟ್ಟೆಯ ಚೀಲ ಸೇರುತ್ತಿದ್ದವು. ಹೋದ ವಾರ ಆ ಚೀಲ ಹಿಡಿದು ಬಂದು, “ಇದರಲ್ಲಿ ಒಂದಲ್ಲ ಒಂದು ಹಿಡಿದೇ ಹಿಡಿಯುತ್ತೆ ಕಣಯ್ಯ,” ಎಂದಿದ್ದರು. ಕೆಮ್ಮಣ್ಣ ಡಾಕ್ಟರ ಅಪ್ಪಣೆ ಹೇಳಿ ಕೈಮುಗಿದಿದ್ದ. ಗೇಟಿನವರೆಗೆ ಹೋಗಿ ಅವರನ್ನು ಬೀಳ್ಕೊಟ್ಟವರು ಅತ್ತೆ.

ಈಗ ಕಾಂಪೌಂಡರು ಚೀಲ ಬಿಟ್ಟು ನೇರವಾಗಿ ಅಡುಗೆಮನೆಗೆ ನುಗ್ಗಿ, ಕಾದ ಬಾಣಲೆಗೆ ಒಂದು ಹಿಡಿ ಒಣಮೆಣಸಿನಕಾಯಿ ಸುರಿದರು. ಹೆಂಡತಿ ಕೆಮ್ಮಿದಳು, ಅತ್ತೆ ಕೆಮ್ಮಿದರು, ಕಾಂಪೌಂಡರು ಕೆಮ್ಮುತ್ತ ಕನ್ನಡಕ ಬೀಳಿಸಿಕೊಂಡರು, ಪಕ್ಕದ ಮನೆಯವರು ಕೆಮ್ಮುತ್ತಲೇ ಕಿಟಕಿಯಿಂದ ಬೈದರು. ಹೊಗೆಯ ನಡುವೆ ಕೆಮ್ಮಣ್ಣ ಮಾತ್ರ ತೋಟದಲ್ಲಿ ಗಾಳಿಗೆ ಬಂದವನ ಹಾಗೆ ಆರಾಮವಾಗಿ ಉಸಿರಾಡುತ್ತ ಡಬ್ಬಿ ಹಿಡಿದು ನಿಂತಿದ್ದ.

ಗ್ರಂಥಾಲಯದಲ್ಲಿ ವಿಷಯ ಕೇಳಿದ, ಪುಸ್ತಕ ಹೊಲಿಯುವ ಬೈಂಡರನಿಗೆ ಹುರುಪು ಬಂತು. “ಕೆಮ್ಮು ತಾನೇ? ನಾ ತರಿಸ್ತೀನಿ ಇರಿ,” ಎಂದವನೇ ಉಗ್ರಾಣದಿಂದ ಪತ್ರಿಕೆಗಳ ಎರಡು ಕಟ್ಟು ತಂದು, ಕೆಮ್ಮಣ್ಣನ ಮೂಗಿನ ಕೆಳಗೆ ಒಂದಕ್ಕೊಂದು ಬಡಿದ. ಓದುವ ಕೋಣೆ ಕಾಣದಂತಾಯಿತು. ಎಲ್ಲ ಮೇಜುಗಳಿಂದಲೂ ಕೆಮ್ಮು ಎದ್ದಿತು. ಧೂಳಿನೊಳಗಿಂದ ಮುಖ್ಯ ಗ್ರಂಥಪಾಲಕರು ಸೀನುತ್ತ ಪ್ರತ್ಯಕ್ಷರಾದರು.

“ಏನ್ರೀ ಇದು ದೊಂಬಿ? ಇಲ್ಲಿ ಕೆಮ್ಮದೇ ಇರೋರು ಯಾರಾದ್ರೂ ಇದ್ದಾರಾ?”

“ನಾನಿದ್ದೀನಿ ಸರ್,” ಎಂದ ಕೆಮ್ಮಣ್ಣ, ಅಳುಮೋರೆ ಹಾಕಿಕೊಂಡು.

ಹನ್ನೆರಡೂವರೆಗೆ ಲ್ಯಾಬು ಮುಟ್ಟಿದ. ಅಲ್ಲಿನ ಹೆಂಗಸು ಅನುಭವಸ್ಥೆ. ಆವಿ ಹಿಡಿಸಿದಳು, ಬಗ್ಗಿಸಿದಳು, ಮೆಟ್ಟಿಲು ಹತ್ತಿಸಿ ಇಳಿಸಿದಳು. ಸಾಲಿನಲ್ಲಿ ಕೂತವರೆಲ್ಲ, “ಹೊಟ್ಟೆಯಿಂದ ಕೆಮ್ಮಿ”, “ಬಗ್ಗಿ ಕೆಮ್ಮಿ” ಎಂದು ಹುರಿದುಂಬಿಸಿದರು. ಒಬ್ಬ ಮುದುಕರು ಹತ್ತಿರ ಬಂದು, “ನಂದು ಬೇಕಾದಷ್ಟಿದೆ, ಕೊಡಲಾ?” ಎಂದು ಉದಾರವಾಗಿ ಕೇಳಿದರು. ಗಡಿಯಾರ ಒಂದು ಹೊಡೆಯಿತು. ಹೆಂಗಸು ಬೆವರು ಒರೆಸಿಕೊಂಡು ಚೀಟಿಯ ಮೇಲೆ ಬರೆದಳು: ‘ಕಫ ದೊರೆತಿಲ್ಲ. ರೋಗಿಗೆ ಕೆಮ್ಮಿಲ್ಲ.’ ಕೆಳಗೊಂದು ಮೊಹರು ಒತ್ತಿದಳು.

ಜೋಲುಮುಖ ಹಾಕಿಕೊಂಡು ಬೀದಿಗಿಳಿದ ಕೆಮ್ಮಣ್ಣ ಆ ಚೀಟಿಯನ್ನು ಇನ್ನೊಮ್ಮೆ ಓದಿದ. ರೋಗಿಗೆ ಕೆಮ್ಮಿಲ್ಲ. ಅರೆ, ಗ್ರಂಥಪಾಲಕ ಸಾಹೇಬರಿಗೆ ಇದಕ್ಕಿಂತ ಒಳ್ಳೆಯ ಕಾಗದ ಇನ್ನೇನು ಬೇಕು? ಅವನು ನಡೆಯಲಿಲ್ಲ, ಹೆಚ್ಚುಕಡಿಮೆ ಕುಣಿದುಕೊಂಡೇ ಗ್ರಂಥಾಲಯಕ್ಕೆ ಬಂದ.

ಸಾಹೇಬರು ಚೀಟಿ ಓದಿದರು. ಮೊಹರನ್ನು ಬೆಳಕಿಗೆ ಹಿಡಿದು ನೋಡಿದರು. “ಭೇಷ್. ನೆಲಮಾಳಿಗೆ ಮಾತು ಬಿಡಿ, ನಿಮ್ಮ ಜಾಗದಲ್ಲೇ ಇರಿ,” ಎಂದು ಅದನ್ನು ಅವನ ಫೈಲಿಗೆ ಸೇರಿಸಿದರು. ಕೆಮ್ಮಣ್ಣ ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಆ ಫಲಕದ ಕೆಳಗೆ ತಲೆಯೆತ್ತಿ ಕೂತ.

ನಾಲ್ಕು ಗಂಟೆಗೆ ಅತ್ತೆಯ ಫೋನು ಬಂತು. “ಅಳಿಯಂದ್ರೇ, ಬರ್ತಾ ಕಾಂಪೌಂಡರ ಮನೆ ಹೊಕ್ಕು ಬನ್ನಿ. ಚೀಲ ನಿನ್ನೇನೇ ಖಾಲಿ ಆಯ್ತು.”

“ಯಾವ ಚೀಲ ಅತ್ತೆ?”

“ಮಾತ್ರೆ ಚೀಲ. ನೀವು ಕಷ್ಟಪಡೋದು ನೋಡೋಕೆ ಆಗ್ಲಿಲ್ಲ. ದಿನಾ ಐದಾರು ಪುಡಿ ಮಾಡಿ ಹಾಲಿಗೆ ಹಾಕ್ತಿದ್ದೆ. ನೋಡಿ, ಹೇಗೆ ಹಿಡೀತು.”

ಕೆಮ್ಮಣ್ಣನಿಗೆ ಸಿಟ್ಟೂ ಸಂತೋಷವೂ ಒಟ್ಟಿಗೇ ಬಂದವು. ಐವರು ಡಾಕ್ಟರಿಗೆ ಸಿಗದ ಔಷಧಿ ಕೊನೆಗೂ ಸಿಕ್ಕಿತ್ತು. “ಅದರಲ್ಲಿ ಹಿಡಿದದ್ದು ಯಾವುದು? ಹೆಸರು ಹೇಳಿ ಅತ್ತೆ.”

“ಎಲ್ಲಾ ಮಾತ್ರೆಪಟ್ಟಿಯ ಹರಿದ ಚೂರುಗಳು. ಹೆಸರೆಲ್ಲಿ ಬಂತು? ಕಾಂಪೌಂಡರಿಗೂ ಗೊತ್ತಿಲ್ವಂತೆ.”

ಫೋನು ಕೆಳಗಿಡುವಷ್ಟರಲ್ಲಿ ಎದೆಯ ತಳದಲ್ಲಿ ಏನೋ ಹೊರಳಿತು. ಅವನು ತುಟಿ ಬಿಗಿಹಿಡಿದ, ಕರವಸ್ತ್ರ ಒತ್ತಿಕೊಂಡ, ಮೇಜಿನ ಕೆಳಗೆ ತಲೆ ಹಾಕಿದ. ಪ್ರಯೋಜನವಾಗಲಿಲ್ಲ. ವಾರದ ಬಾಕಿಯೆಲ್ಲ ಒಂದೇ ಸಲ ತೀರಿಸುವಂತೆ ಕೆಮ್ಮು ಬಂತು. ಜೇಬಿನ ಡಬ್ಬಿ ಅರೆಗಳಿಗೆಯಲ್ಲಿ ಅರ್ಧ ತುಂಬಿತು. ಲ್ಯಾಬಿನ ಬಾಗಿಲು ಹಾಕಿ ಮೂರು ತಾಸಾಗಿತ್ತು. ತೆರೆದಿದ್ದರೂ ಮಾತ್ರೆ ತಿಂದವನ ಕಫ ಅವರಿಗೆ ಬೇಡ.

ಸಾಹೇಬರು ಚೀಟಿ ಹಿಡಿದು ಹೊರಬಂದರು. “ಕೆಮ್ಮಿಲ್ಲ ಅಂತ ಲ್ಯಾಬಿನವರೇ ಮೊಹರು ಹಾಕಿ ಕೊಟ್ಟಿದ್ದಾರೆ. ಅಂದಮೇಲೆ ನೀವಿದನ್ನ ಬೇಕಂತಲೇ ಮಾಡ್ತಿದೀರಿ. ಇಷ್ಟು ದಿನ ಕಾಯಿಲೆ ಅಂತ ಸಹಿಸ್ಕೊಂಡೆ.”

ಕೆಮ್ಮಣ್ಣ ವಿವರಿಸಲು ಬಾಯಿ ತೆರೆದ. ಕೆಮ್ಮು ಅವನಿಗೆ ಒಂದು ಮಾತಿಗೂ ಜಾಗ ಕೊಡಲಿಲ್ಲ. ಸಾಹೇಬರು ಉಗ್ರಾಣದ ಬೀಗದ ಕೈಯನ್ನು ಮೇಜಿನ ಮೇಲೆ, ಡಬ್ಬಿಯ ಪಕ್ಕದಲ್ಲಿ ಇಟ್ಟು ಹೋದರು.